ಪರವೂರಿನಲ್ಲಿ ಒಂದು ರಾತ್ರಿ



ಪ್ರತಿ ಸಲವೂ ಈ ಪುಟದಲ್ಲಿ ಒಂದು ವಚನವನ್ನು ಎತ್ತಿಕೊಂಡು ಅದರ ಪದಾರ್ಥ ಭಾವಾರ್ಥಗಳನ್ನು ನನ್ನ ಅಲ್ಪಮತಿಗೆ ತಿಳಿದಷ್ಟು ನಿವೇದಿಸುತ್ತ ಬಂದಿದ್ದೇನೆ. ಈ ಬಾರಿ ಯಾವ ವಚನವನ್ನೂ ಎತ್ತಿಕೊಂಡಿಲ್ಲ. ನನ್ನ ಕಾಯಕ್ಕೆ ಸಂಬಂಧಿಸಿದ, ಎರಡು ವರ್ಷಗಳ ಕಾಲ ಭಕ್ತರಿಂದ ಮರೆಮಾಚಿದ್ದ ಸಂಗತಿಯೊಂದನ್ನು ಬಿನ್ನವಿಸಿಕೊಳ್ಳುತ್ತಿದ್ದೇನೆ. ಇದನ್ನು ಬರೆಯಬೇಕೆಂದು ಪೂಜ್ಯ ಅಪ್ಪಗಳವರ ಅಪ್ಪಣೆಯಾಗಿ ಬಹುಕಾಲವಾಯಿತು. ಬರೆಯುವ ಧೈರ್ಯ ಬಂದದ್ದು ಈಗ.

ನನಗೀಗ 36 ವರ್ಷ. ಹಲವು ವರ್ಷಗಳಿಂದ ಕಾಡುತ್ತಿದ್ದ ದೊಡ್ಡ ಕರುಳಿನ ಹುಣ್ಣಿನ ಬೇನೆ ಔಷಧಿಗೆ ಬಗ್ಗದೆ ಹೋದಾಗ, 2021ರಲ್ಲಿ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಆ ಕರುಳನ್ನು ತೆಗೆದುಹಾಕಿದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಕ್ಕೆ ತಂದು ಚರ್ಮಕ್ಕೆ ಹೊಲಿದರು. ಕೆಂಪು ಗುಲಾಬಿಯ ಮೊಗ್ಗಿನಷ್ಟು ಹೊರಚಾಚಿಕೊಂಡಿರುವ ಆ ದ್ವಾರಕ್ಕೆ ವೈದ್ಯರು ಸ್ಟೋಮಾ ಎನ್ನುತ್ತಾರೆ. ಮಲವು ಅಲ್ಲಿಂದ ಹೊರಬಂದು, ಹೊಟ್ಟೆಗೆ ಅಂಟಿಸಿದ ಒಂದು ಚೀಲದಲ್ಲಿ ಸಂಗ್ರಹವಾಗುತ್ತದೆ. ಈ ಬಗೆಯ ಶಸ್ತ್ರಕ್ರಿಯೆಗಳಿಗೆ ಒಟ್ಟಾರೆ ಆಸ್ಟಮಿ ಎಂದು ಹೆಸರು. ಸಣ್ಣ ಕರುಳಿನದಾದರೆ ಇಲಿಯಾಸ್ಟಮಿ, ದೊಡ್ಡ ಕರುಳಿನದಾದರೆ ಕೊಲಾಸ್ಟಮಿ, ಮೂತ್ರದ್ದಾದರೆ ಯುರಾಸ್ಟಮಿ. ಕರುಳಿನ ಕ್ಯಾನ್ಸರ್ ಆದವರಿಗೆ, ಅಪಘಾತದಲ್ಲಿ ಕರುಳು ಹರಿದವರಿಗೆ, ಗುದದ್ವಾರವಿಲ್ಲದೆ ಹುಟ್ಟಿದ ಹಸುಗೂಸುಗಳಿಗೆ ಇದನ್ನು ಮಾಡುತ್ತಾರೆ. ಕೆಲವರಿಗೆ ಇದು ಕೆಲವು ತಿಂಗಳ ಮಟ್ಟಿಗೆ, ನನ್ನಂಥವರಿಗೆ ಜೀವನಪರ್ಯಂತ.

ಇದು ಹೊಸ ವಿದ್ಯೆಯೇನೂ ಅಲ್ಲ. 1793ರಲ್ಲಿ ಫ್ರಾನ್ಸ್ ದೇಶದ ಬ್ರೆಸ್ಟ್ ಪಟ್ಟಣದಲ್ಲಿ ಡ್ಯೂರೆ ಎಂಬ ವೈದ್ಯನು ಗುದದ್ವಾರವಿಲ್ಲದೆ ಹುಟ್ಟಿದ್ದ ಮೂರು ದಿನದ ಕೂಸಿಗೆ ಹೀಗೆ ದಾರಿ ಮಾಡಿಕೊಟ್ಟನು. ಆ ಕೂಸು ಬೆಳೆದು 45 ವರ್ಷ ಬಾಳಿತು. ಆದರೆ ಮಲವನ್ನು ಹಿಡಿದಿಡುವ ತಕ್ಕ ಸಾಧನವಿಲ್ಲದೆ, ಇಂತಹವರು ಬಹುಕಾಲ ಬಟ್ಟೆ ಕಟ್ಟಿಕೊಂಡೋ ಲೋಹದ, ರಬ್ಬರಿನ ಡಬ್ಬಿ ಬಿಗಿದುಕೊಂಡೋ ಮನೆಯ ಮೂಲೆ ಹಿಡಿಯುತ್ತಿದ್ದರು. 1954ರಲ್ಲಿ ಡೆನ್ಮಾರ್ಕಿನ ಎಲಿಸ್ ಸೊರೆನ್ಸನ್ ಎಂಬ ದಾದಿಯು, ಶಸ್ತ್ರಚಿಕಿತ್ಸೆಯ ನಂತರ ಹೊರಗೆ ಹೋಗಲು ಅಂಜುತ್ತಿದ್ದ ತನ್ನ ತಂಗಿಗಾಗಿ, ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಬಿಸಾಡಬಹುದಾದ ಚೀಲವನ್ನು ಯೋಚಿಸಿ ರೂಪಿಸಿದಳು. ನಾನಿಂದು ಬಳಸುವ ಚೀಲ ಆ ಅಕ್ಕನ ಕಳವಳದಿಂದ ಹುಟ್ಟಿದ್ದು. ಇನ್ನೊಂದು ಮಾತು ನಮ್ಮ ನೆಲಕ್ಕೆ ಸೇರಿದ್ದು. ಅದೇ ದಶಕದಲ್ಲಿ ಅಮೆರಿಕದ ಡಾ. ಟರ್ನ್‌ಬುಲ್ ಅವರು ಸ್ಟೋಮಾದ ಸುತ್ತಲಿನ ಚರ್ಮವನ್ನು ಕಾಪಾಡಲು ಬಳಕೆಗೆ ತಂದ ಕರಾಯಾ ಎಂಬ ಗೋಂದು, ಭಾರತದ ಒಣ ಕಾಡುಗಳ ಮರದಿಂದ ಒಸರುವಂಥದು. ಸ್ವತಃ ಇಲಿಯಾಸ್ಟಮಿ ಇದ್ದ ನಾರ್ಮಾ ಗಿಲ್ ಎಂಬ ತಾಯಿ, ಅದೇ ವೈದ್ಯರ ಜೊತೆ ನಿಂತು, 1958ರಿಂದ ಇತರ ರೋಗಿಗಳಿಗೆ ಈ ಬದುಕನ್ನು ಕಲಿಸುವುದನ್ನೇ ತನ್ನ ಕಾಯಕವಾಗಿ ಮಾಡಿಕೊಂಡಳು. ನಮ್ಮ ದೇಶದಲ್ಲಿಯೂ ಮುಂಬಯಿಯಲ್ಲಿ 1975ರಿಂದ ಇಂತಹವರದೇ ಒಂದು ಸಂಘವಿದೆ.

ನನಗೆ ಕಲಿಸಿದವರೂ ಒಬ್ಬ ದಾದಿಯೇ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನನ್ನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ, "ಧೋತರ ಎಲ್ಲಿ ಬಿಗೀತೀರಿ?" ಎಂದು ಕೇಳಿ, ಗಂಟು ಬೀಳುವ ಜಾಗವನ್ನು ಬಿಟ್ಟು ಹೊಟ್ಟೆಯ ಮೇಲೆ ಮಸಿಯಿಂದ ಗುರುತು ಹಾಕಿದ ಆ ತಾಯಿಯನ್ನು ನಾನು ನಿತ್ಯವೂ ಸ್ಮರಿಸುತ್ತೇನೆ.

ಮನೆಯಲ್ಲಿ ಇದು ಆರು ತಿಂಗಳಲ್ಲಿ ರೂಢಿಯಾಯಿತು. ಚೀಲವು ಮೂರರಲ್ಲೊಂದು ಪಾಲು ತುಂಬಿದಾಗ ಬರಿದು ಮಾಡಬೇಕು. ಹಗಲು ರಾತ್ರಿ ಸೇರಿ ಐದಾರು ಸಲ. ಚರ್ಮಕ್ಕೆ ಅಂಟುವ ಬಿಲ್ಲೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು, ಬರಿಯ ನೀರಿನಿಂದ ತೊಳೆದು, ಒರೆಸಿ ಒಣಗಿಸಿ, ಹೊಸದನ್ನು ಅಂಟಿಸಬೇಕು. ಸ್ನಾನಕ್ಕೆ ಅಡ್ಡಿಯಿಲ್ಲ, ಪೂಜೆಗೆ ಅಡ್ಡಿಯಿಲ್ಲ, ಗ್ರಂಥಗಳ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಇಲಿಯಾಸ್ಟಮಿಗೆ ಒಂದು ಸ್ವಭಾವವುಂಟು. ಅದಕ್ಕೆ ಹೊತ್ತು ಗೊತ್ತು ಇಲ್ಲ, ಹಿಡಿತವಿಲ್ಲ. ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡು ಎಲ್ಲರೂ ಮೌನದಲ್ಲಿ ಕುಳಿತ ಗಳಿಗೆಯಲ್ಲಿಯೇ ಅದು ಸದ್ದು ಮಾಡೀತು. ಆ ನಾಚಿಕೆಗೆ ನಾನು ನನ್ನ ಶಿವದಾರವನ್ನು ನಾಲ್ಕು ಬೆರಳು ಗಿಡ್ಡ ಮಾಡಿಕೊಂಡಿದ್ದೆ, ಕರಡಿಗೆಯು ಹೊಟ್ಟೆಯ ಕಡೆ ಇಳಿಯಬಾರದೆಂದು. ಯಾರೂ ಹೇಳಿದ್ದಲ್ಲ, ನನಗೆ ನಾನೇ ಹಾಕಿಕೊಂಡ ಮಡಿ.

ಹಗಲು ಹೇಗೋ ಕಳೆಯುತ್ತದೆ. ಕಷ್ಟವಿದ್ದದ್ದು ಪರವೂರಿನ ರಾತ್ರಿಯಲ್ಲಿ. ನನ್ನ ಕಾಯಕವಾದರೋ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಹೋಗಿ ಪ್ರವಚನ ಮಾಡುವುದು, ಹಳೆಯ ಮನೆಗಳಲ್ಲಿ ಉಳಿದ ಓಲೆ ಕಾಗದಗಳನ್ನು ನೋಡಿ ಬರುವುದು. ಮೊದಲಾದರೆ ಎಲ್ಲಿ ಹೊತ್ತು ಮುಳುಗಿತೋ ಅಲ್ಲಿಯೇ ವಸ್ತಿ. ಪಡಸಾಲೆಯಲ್ಲಿ ಸಾಲಾಗಿ ಹಾಸಿದ ಕೌದಿಗಳ ಮೇಲೆ, ಬೇಸಿಗೆಯಾದರೆ ಮಾಳಿಗೆಯ ಮೇಲೆ, ಊರಿನ ಹಿರಿಯರ ನಡುವೆ ಮಲಗಿ ಮಾತನಾಡುತ್ತ ನಿದ್ದೆ ಹೋಗುವುದು. ಶಸ್ತ್ರಚಿಕಿತ್ಸೆಯ ನಂತರ ಅದೆಲ್ಲ ಅಂಜಿಕೆಯ ವಿಷಯವಾಯಿತು. ಶೌಚಾಲಯ ಎಲ್ಲಿದೆ, ಒಳಗೆ ದೀಪವಿದೆಯೇ, ಅದರಲ್ಲಿ ಕಟ್ಟಿಗೆ ಕುಳ್ಳು ಒಟ್ಟಿದ್ದಾರೆಯೇ, ನೀರಿನ ಕೊಡ ಎಷ್ಟು ದೂರ, ನಡುರಾತ್ರಿ ಎದ್ದರೆ ಎಷ್ಟು ಜನರನ್ನು ದಾಟಬೇಕು, ಬಳಸಿದ ಚೀಲವನ್ನು ಎಲ್ಲಿ ಹಾಕಬೇಕು; ಮನೆಯೊಂದರ ಹೊಸ್ತಿಲು ತುಳಿದ ಕೂಡಲೇ ನನ್ನ ಕಣ್ಣು ಹುಡುಕುತ್ತಿದ್ದುದು ಇವನ್ನೇ. ಎರಡು ವರ್ಷ ನಾನು ಎಲ್ಲಿಯೂ ವಸ್ತಿ ಮಾಡಲಿಲ್ಲ. ಮಂಗಳಕ್ಕೆ ಮೊದಲೇ ಎದ್ದು, ಕೊನೆಯ ಬಸ್ಸಿಗೆ ಕೈ ಮಾಡಿ ಕೊಪ್ಪಳಕ್ಕೆ ಮರಳುತ್ತಿದ್ದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಬಸ್ಸಿನಲ್ಲಿ ಚೀಲ ತುಂಬೀತೆಂಬ ಭಯಕ್ಕೆ, ಪರವೂರಿಗೆ ಹೋಗುವ ದಿನ ಊಟ ಬಿಡತೊಡಗಿದೆ. ಇದು ತಪ್ಪು ತಿಳಿವಳಿಕೆ. ಹೊಟ್ಟೆ ಬರಿದಾಗಿದ್ದರೆ ವಾಯು ಹೆಚ್ಚುತ್ತದೆ, ನೀರಿನಂತಹ ಸ್ರಾವ ನಿಲ್ಲುವುದಿಲ್ಲ, ದೇಹದಿಂದ ಉಪ್ಪು ಸೋರಿ ಹೋಗುತ್ತದೆ. ಎಷ್ಟೋ ರಾತ್ರಿ ಮೀನಖಂಡಗಳು ಗಂಟಾಗಿ ಹಿಡಿದುಕೊಳ್ಳುತ್ತಿದ್ದವು. ಆದರೂ ಪ್ರಸಾದಕ್ಕೆ ಕರೆದವರಿಗೆ ಕೈಮುಗಿದು "ಈ ದಿನ ಬೇಡ" ಎನ್ನುತ್ತಿದ್ದೆ. "ಉಪವಾಸ ಏನ್ರಿ?" ಎಂದು ಯಾರೋ ಒಬ್ಬರು ಕೇಳಿದರು. ನಾನು ನಕ್ಕು ಸುಮ್ಮನಾದೆ. ಆ ಸುಮ್ಮನಾದದ್ದೇ ಉತ್ತರವಾಯಿತು. ಶ್ರಾವಣದಲ್ಲಿ ನಾನು ಕಠಿಣ ವ್ರತ ಹಿಡಿಯುತ್ತೇನೆಂಬ ಮಾತು ಊರಿಂದೂರಿಗೆ ಹೋಯಿತು. ಕೆಲವರು ನನ್ನ ಪಾದಕ್ಕೆರಗಿದರು. ಒಣ ಉಪವಾಸ ವ್ರತಗಳನ್ನು ಬದಿಗಿಟ್ಟು ಪ್ರಸಾದವನ್ನು ಎತ್ತಿ ಹಿಡಿದ ಶರಣರ ಮಾತನ್ನು ಬಾಯಲ್ಲಿ ಹೇಳುತ್ತ, ಇಲ್ಲದ ವ್ರತದ ಹಿರಿಮೆಯನ್ನು ತಲೆಯ ಮೇಲೆ ಹೊತ್ತು ತಿರುಗಿದೆ. ಚೀಲವನ್ನು ಮುಚ್ಚಿಟ್ಟದ್ದಕ್ಕೆ ನನಗೀಗ ಪಶ್ಚಾತ್ತಾಪವಿಲ್ಲ, ಅದು ನನ್ನ ಮೈಯ ವಿಷಯ. ಪಶ್ಚಾತ್ತಾಪವಿರುವುದು ಈ ಸುಳ್ಳು ಗೌರವಕ್ಕೆ.

2023ರ ಶ್ರಾವಣದಲ್ಲಿ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಐದು ದಿನಗಳ ಪ್ರವಚನವಿತ್ತು. ನನ್ನ ಊಟೋಪಚಾರದ ಸೇವೆಯನ್ನು ಕೇಳಿ ಪಡೆದುಕೊಂಡ ಮನೆಯವರು ಲಿಂಗಾಯತರಲ್ಲ. ಮಠದ ಮೇಲೆ ತಲೆತಲಾಂತರದ ಭಕ್ತಿಯುಳ್ಳವರು. ಸಂಜೆ ಅವರ ಮನೆಯಲ್ಲಿ ಕೈಕಾಲು ತೊಳೆದು, ಅರ್ಧ ಲೋಟ ಮಜ್ಜಿಗೆ ಕುಡಿದು, ಪ್ರವಚನ ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ಐದನೆಯ ದಿನದ ವಿಷಯ ಪಂಚಸೂತಕಗಳ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳು ಶರಣರಿಗೆ ಹೇಗೆ ಸಲ್ಲವೆಂಬುದನ್ನು ಒಂದೂವರೆ ತಾಸು ಹೇಳಿದೆ. ಅಂದು ಮಳೆ ಬಂತು. ಮಂಗಳ ತಡವಾಯಿತು. ಬಸ್ಸು ತಪ್ಪಿತು.

ಅವರ ಪಡಸಾಲೆಯಲ್ಲಿ ನನಗೊಂದು ಹೊಸ ಕೌದಿ ಹಾಸಿದರು. ಆ ಬಿಲ್ಲೆ ಅಂಟಿಸಿ ನಾಲ್ಕು ದಿನವಾಗಿತ್ತು. ಮರಳುವವನೇ ಎಂದು ಬೇರೆಯದನ್ನು ತಂದಿರಲಿಲ್ಲ. ಸೆಕೆ, ಬೆವರು, ಬರಿಹೊಟ್ಟೆ. ನಸುಕಿನ ಮೂರರ ಸುಮಾರಿಗೆ ಎಚ್ಚರವಾದಾಗ ಬಲಗಡೆ ತೇವವಾಗಿತ್ತು. ಅಂಟು ಬಿಟ್ಟು ಚೀಲ ಸೋರಿತ್ತು. ಕರೆಂಟು ಇರಲಿಲ್ಲ. ಕತ್ತಲೆಯಲ್ಲಿಯೇ ಕೌದಿಯನ್ನು ಸುತ್ತಿಕೊಂಡು ಹಿತ್ತಲ ಬಚ್ಚಲಿಗೆ ಹೋಗಿ, ಒಂದು ಕೈಯಲ್ಲಿ ಚೀಲವನ್ನು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತೊಳೆಯತೊಡಗಿದೆ. ನೀರುಂಡ ಕೌದಿಯ ಭಾರ ತಮಗೆಲ್ಲ ತಿಳಿದೇ ಇದೆ. ಎತ್ತಲಾಗಲಿಲ್ಲ, ಹಿಂಡಲಾಗಲಿಲ್ಲ.

ಚಿಮಣಿ ಹಿಡಿದು ಮನೆಯ ಹಿರಿಯಮ್ಮ ಬಂದರು. "ಯಾಕ್ರಿ ಗುರುಗಳ, ಈ ಹೊತ್ತಿನ್ಯಾಗ ಏನ್ ಮಾಡಾಕತ್ತೀರಿ?"

"ನೀರು ಚೆಲ್ಲಿತವ್ವಾ," ಎಂದೆ. ಆ ಗಳಿಗೆಯಲ್ಲಿಯೂ ಸುಳ್ಳು. ಆದರೆ ವಾಸನೆ ಸುಳ್ಳು ಹೇಳುವುದಿಲ್ಲ. ಅವರು ಚಿಮಣಿಯನ್ನು ಗೂಡಿನಲ್ಲಿಟ್ಟು, ಸೆರಗು ಸಿಕ್ಕಿಸಿ, ಕೌದಿಯ ಇನ್ನೊಂದು ತುದಿ ಹಿಡಿದರು. ಬೇಡವೆಂದು ನಾನು ಎಳೆದುಕೊಂಡೆ. ಕೊನೆಗೆ ಹೊಟ್ಟೆಯ ಮೇಲಿನ ಕೈ ತೆಗೆದು, ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಚಿಮಣಿ ಎತ್ತಿ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ಗುರುಗಳೆಂದು ಕರೆಯಲಿಲ್ಲ.

"ಕೌದಿ ಒಗಿಯಾಕನ ಹೊಲಿತಾರ ತಮ್ಮಾ. ಹುಡುಗ್ರು, ಮುದುಕ್ರು, ಬಾಣಂತ್ಯಾರು ಎಲ್ಲಾರೂ ಇದರ ಮ್ಯಾಲನ ಮಲಗ್ಯಾರ. ಇದಕ್ಕ ನನಗ ಸಂಕಟ ಇಲ್ಲ. ಐದು ದಿವಸ ಆತು, ನಮ್ಮ ಮನ್ಯಾಗ ಒಂದು ತುತ್ತು ಉಣ್ಣಲಿಲ್ಲ ನೀ. ನಮ್ಮ ಮನಿ ಅಂತ ಉಣವಲ್ರು ಅಂತ ನನ್ನ ಸೊಸಿ ರಾತ್ರಿ ಅತ್ತಳು."

ಶರಣಬಂಧುಗಳೇ, ಆ ಮಾತನ್ನು ಕೇಳಿ ನಾನು ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಜಾತಿಸೂತಕವಿಲ್ಲವೆಂದು ಒಂದೂವರೆ ತಾಸು ನಾನು ಹೇಳಿದ್ದನ್ನು ಆ ಸೊಸೆ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದಳು. ಮನೆಗೆ ಬಂದು, ತಾನು ಬಡಿದ ರೊಟ್ಟಿಗಳು ಮುಟ್ಟದೆ ಉಳಿದದ್ದನ್ನು ನೋಡಿದ್ದಳು. ಅವಳ ಮಟ್ಟಿಗೆ ನನ್ನ ವ್ಯಾಖ್ಯಾನಕ್ಕಿಂತ ಆ ರೊಟ್ಟಿಯ ಬುಟ್ಟಿ ಹೆಚ್ಚು ಸ್ಪಷ್ಟವಾಗಿ ಮಾತನಾಡಿತ್ತು. ನನ್ನ ನಾಚಿಕೆ ನನ್ನೊಬ್ಬನದು, ಅದರಿಂದ ಯಾರಿಗೂ ನೋವಿಲ್ಲವೆಂದು ನಾನು ಎಣಿಸಿದ್ದೆ. ಆ ಮನೆಯ ಅಂಗಳದಲ್ಲಿ ಅದು ಅವಮಾನವಾಗಿ ಬಿದ್ದಿತ್ತು.

ದಾಸೋಹದ ಬಗೆಗೆ ಬಹಳ ಬರೆದಿದ್ದೇನೆ. ನೀಡುವವನಿಗೆ ಅಹಂಕಾರವಿರಬಾರದೆಂದು ಹತ್ತಾರು ಸಲ ಹೇಳಿದ್ದೇನೆ. ಪಡೆಯುವವನಿಗೂ ಒಂದು ಅಹಂಕಾರವುಂಟೆಂಬುದು ಅಂದು ತಿಳಿಯಿತು. ಯಾರಿಂದಲೂ ಏನನ್ನೂ ಬೇಡದವನಾಗಿ, ಯಾರ ಕೈಯ ನೀರಿಗೂ ಹಂಗಿಲ್ಲದವನಾಗಿ ಕಾಣಿಸಿಕೊಳ್ಳುವ ಅಹಂಕಾರ. ಅತಿಥಿಯಾಗುವುದೆಂದರೆ ತನ್ನ ಅಗತ್ಯವೊಂದನ್ನು ಇನ್ನೊಬ್ಬರ ಮುಂದಿಡುವುದು. ಆತಿಥ್ಯಕ್ಕೆ ನೀಡುವ ಕೈಯಂತೆ ಒಡ್ಡುವ ಕೈಯೂ ಬೇಕು.

ಕಾಯದ ವಿಷಯದಲ್ಲಿಯೂ ಹೀಗೆಯೇ. ಶರಣರು ಕಾಯವನ್ನೇ ಶಿವನ ಮನೆಯಾಗಿ ಕಂಡರೆಂದು ನಾವೆಲ್ಲ ಬಲ್ಲೆವು. ಆ ಮಾತನ್ನಾಡುವಾಗ ನಮ್ಮ ಕಣ್ಣಮುಂದೆ ಬರುವುದು ತೊಳೆದು ವಿಭೂತಿ ಧರಿಸಿದ ನೆಟ್ಟನೆಯ ಮೈ. ಆದರೆ ಯಾವ ಮನೆಗೆ ಬಚ್ಚಲಿಲ್ಲ? ಎಲ್ಲರ ಹೊಟ್ಟೆಯೊಳಗೂ ಇರುವುದೇ ನನ್ನ ಹೊಟ್ಟೆಯ ಮೇಲಿದೆ. ಮರುದಿನ ಬೆಳಗ್ಗೆ ಆ ಮನೆಯವರು ಕಟ್ಟೆಯನ್ನು ಸಾರಿಸಿ ಪೂಜೆಗೆ ಅನುಮಾಡಿಕೊಟ್ಟರು. ಹಳೆಯ ಧೋತರದ ಪಟ್ಟಿಯಿಂದ ಚೀಲವನ್ನು ಬಿಗಿದುಕೊಂಡು ಕುಳಿತೆ. ಪೂಜೆಯ ನಡುವೆ ಸ್ಟೋಮಾ ಸದ್ದು ಮಾಡಿತು. ಹಿರಿಯಮ್ಮ ಮೊಮ್ಮಗನಿಗೆ "ಸುಮ್ಕಿರು" ಎಂದರು, ಅವನು ಏನೂ ಮಾಡಿರದಿದ್ದರೂ. ಅಂದು ಆ ಸೊಸೆಯ ಕೈಯ ಬಿಸಿರೊಟ್ಟಿ ಎರಡು ಉಂಡೆ. ಕೊಪ್ಪಳಕ್ಕೆ ಬಂದ ಮೇಲೆ ಶಿವದಾರವನ್ನು ಮತ್ತೆ ಮೊದಲಿನ ಅಳತೆಗೆ ತಂದುಕೊಂಡೆ, ಪೂಜ್ಯರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಎಲ್ಲ ಕೇಳಿ, "ಇನ್ನ ಮ್ಯಾಲೆ ವಸ್ತಿ ಮಾಡಿನ ಬರಬೇಕು" ಎಂದಷ್ಟೇ ಅಪ್ಪಣೆ ಕೊಡಿಸಿದರು.

ಅಂದಿನಿಂದ ನಾಲ್ಕೂ ತಾಲೂಕುಗಳಲ್ಲಿ ವಸ್ತಿ ಮಾಡಿದ್ದೇನೆ. ನನ್ನಂತೆಯೇ ಇರುವ ಬಂಧುಗಳಿಗೂ ಅವರನ್ನು ಬರಮಾಡಿಕೊಳ್ಳುವ ಮನೆಯವರಿಗೂ ಉಪಯೋಗವಾದೀತೆಂದು ನಾನು ಕಲಿತುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದು, ಹೋಗುವ ಮನೆಯಲ್ಲಿ ಒಬ್ಬರಿಗೆ ಮುಂಚೆಯೇ ಹೇಳಿಬಿಡುವುದು. ಊರಿಗೆಲ್ಲ ಹೇಳಬೇಕಾಗಿಲ್ಲ, ಒಬ್ಬರು ಸಾಕು. "ನನಗೊಂದು ಶಸ್ತ್ರಚಿಕಿತ್ಸೆಯಾಗಿದೆ, ರಾತ್ರಿ ಒಮ್ಮೆ ಎದ್ದು ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಬಾಗಿಲ ಬದಿಯಲ್ಲಿ ಹಾಸಿ, ಒಂದು ಕೊಡ ನೀರಿಡಿ." ಇಷ್ಟು ಹೇಳಿದರೆ ಮುಕ್ಕಾಲು ಭಾರ ಇಳಿಯುತ್ತದೆ.

ಎರಡನೆಯದು, ಕೈಚೀಲ. ಒಂದೇ ರಾತ್ರಿಯಾದರೂ ಎರಡು ಮೂರು ಬಿಲ್ಲೆ ಮತ್ತು ಚೀಲಗಳು ಜೊತೆಗಿರಬೇಕು. ಬಿಲ್ಲೆಯ ರಂಧ್ರವನ್ನು ಮನೆಯಲ್ಲಿಯೇ ಅಳತೆಗೆ ಕತ್ತರಿಸಿಕೊಂಡಿರಬೇಕು. ಕತ್ತಲೆಯಲ್ಲಿ ಕತ್ತರಿ ಹಿಡಿಯುವುದು ಆಗದ ಮಾತು. ಮೆತ್ತಗಿನ ಹಳೆಯ ಅರಿವೆಯ ತುಂಡುಗಳು, ಬ್ಯಾಟರಿ, ಮಡಿಸಿದ ಪ್ಲಾಸ್ಟಿಕ್ ಹಾಳೆ, ಇನ್ನೊಂದು ಧೋತರ, ಬಳಸಿದ್ದನ್ನು ಸುತ್ತಲು ಕಾಗದ ಮತ್ತು ಚೀಲ ಬೇಕು. ನಮ್ಮ ಸೀಮೆಯ ಬಿಸಿಲಿಗೆ ಬಿಲ್ಲೆಯ ಅಂಟು ಕೆಡುತ್ತದೆ, ಆದ್ದರಿಂದ ನಿಂತ ವಾಹನದಲ್ಲಿ ಅದನ್ನು ಬಿಟ್ಟುಹೋಗಬಾರದು. ಹೊರಡುವ ಮುನ್ನ ಹೊಸ ಬಿಲ್ಲೆ ಅಂಟಿಸಿಕೊಳ್ಳುವುದು ಒಳ್ಳೆಯದು. ಬಳಸಿದ ಚೀಲವನ್ನು ಕಕ್ಕಸಿನ ಗುಂಡಿಗಾಗಲಿ ಕಾಲುವೆಗಾಗಲಿ ಹಾಕಬಾರದು; ಸುತ್ತಿ ಕಸದ ತೊಟ್ಟಿಗೆ ಹಾಕಬೇಕು, ಇಲ್ಲದಿದ್ದರೆ ಮರಳಿ ತರಬೇಕು.

ಮೂರನೆಯದು ಊಟ. ಗಂಗಾವತಿಯ ಕಡೆ ಕಾಲುವೆಯ ನೀರು, ಭತ್ತದ ಗದ್ದೆ. ಅಲ್ಲಿಯ ಮೆತ್ತಗಿನ ಅನ್ನ ಮಜ್ಜಿಗೆ ಇಲಿಯಾಸ್ಟಮಿಯವರಿಗೆ ಹಿತ, ಸ್ರಾವ ಗಟ್ಟಿಯಾಗುತ್ತದೆ. ಯಲಬುರ್ಗಾ ಕುಷ್ಟಗಿಯ ಒಣಬೇಸಾಯದ ಊರುಗಳಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಜೊತೆಗೆ ಹಸಿ ಮೂಲಂಗಿ, ಹಕ್ಕರಿಕೆ, ಉಳ್ಳಾಗಡ್ಡಿ. ರೊಟ್ಟಿಯನ್ನು ಚೆನ್ನಾಗಿ ಅಗಿದು ಉಂಡರೆ ನನಗೆ ತೊಂದರೆಯಾಗಿಲ್ಲ. ನಾರಿನ ಹಸಿ ತಪ್ಪಲು, ಇಡಿಯ ಶೇಂಗಾ, ಕೊಬ್ಬರಿ ಚೂರು, ಗೋವಿನಜೋಳ ಕರುಳಿನ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ರಾತ್ರಿಯ ಊಟವನ್ನು ಬೇಗ ಮುಗಿಸಬೇಕು, ಬಿಡಬಾರದು. ಬರಿಯ ನೀರನ್ನೇ ಕುಡಿಯುತ್ತ ಹೋದರೆ ಉಪ್ಪಿನ ನಷ್ಟ ತುಂಬುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಬೇಕು. ಮೂತ್ರ ಕಡಿಮೆಯಾಗಿ ತಲೆಸುತ್ತು ಬಂದರೆ, ಕೆಲವು ತಾಸು ಏನೂ ಹೊರಬಾರದೆ ಹೊಟ್ಟೆನೋವು ವಾಂತಿ ಶುರುವಾದರೆ, ಸ್ಟೋಮಾದ ಬಣ್ಣ ಕಪ್ಪಿಟ್ಟರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯದು ನಿದ್ದೆ. ಮಲಗುವ ಮುನ್ನ ಚೀಲ ಬರಿದು ಮಾಡಿ, ಎರಡು ಗಂಟೆಗೆ ಮೊಬೈಲಿನಲ್ಲಿ ಎಚ್ಚರದ ಗಂಟೆ ಇಟ್ಟು, ದಿಂಬಿನ ಕೆಳಗೆ ನಡುಗುವಂತೆ ಮಾಡಿಕೊಳ್ಳುತ್ತೇನೆ. ಹಾಸಿಗೆಯ ಕೆಳಗೆ ನನ್ನ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳುತ್ತೇನೆ. ನಮ್ಮ ಕಡೆಯ ಕಕ್ಕಸಿನಲ್ಲಿ ಕುಕ್ಕರುಗಾಲಿನಲ್ಲಿ ಕೂರುವುದಕ್ಕಿಂತ, ಮೊದಲು ನೀರು ಸುರಿದು, ಮುಂದಕ್ಕೆ ಬಾಗಿ ಬರಿದು ಮಾಡಿದರೆ ಸಿಡಿಯುವುದಿಲ್ಲ.

ಪಯಣವೂ ತುಸು ಹಗುರಾಗಿದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಉಳಿದವರಿಗೆ ಅದು ಅಗ್ಗದ ಪ್ರಯಾಣ. ನನಗೆ ಶೌಚಾಲಯವಿರುವ ಪ್ರಯಾಣ. 2024ರ ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ರಾತ್ರಿ, ಹೊರ ಊರುಗಳಿಂದ ಬಂದ ಭಕ್ತರೊಡನೆ ನಾನೂ ಬಯಲಿನಲ್ಲಿಯೇ ಉಳಿದೆ. ಹಳ್ಳಿಹಳ್ಳಿಗಳಿಂದ ರೊಟ್ಟಿ ಬಂದು ಬೀಳುವ ಆ ಮಹಾದಾಸೋಹದಲ್ಲಿ, ಲಕ್ಷೋಪಲಕ್ಷ ಜನರ ನಡುವೆ, ನನ್ನ ಹೊಟ್ಟೆಯ ಮೇಲೇನಿದೆಯೆಂದು ನೋಡಲು ಯಾರಿಗೂ ಬಿಡುವಿರಲಿಲ್ಲ. ಪಂಕ್ತಿಯಲ್ಲಿ ಕುಳಿತು ಹೊಟ್ಟೆ ತುಂಬ ಪ್ರಸಾದ ಸ್ವೀಕರಿಸಿದೆ.

ಮನೆಯವರಿಗೆ ನನ್ನದೊಂದೇ ಬಿನ್ನಹ. ಬಂದ ಅತಿಥಿ ಉಣ್ಣದಿದ್ದರೆ, ಬೇಗ ಹೊರಡುವೆನೆಂದರೆ, ಒತ್ತಾಯಿಸುವ ಮೊದಲು ಮರೆಯಲ್ಲಿ ಕರೆದು "ಮೈಯಾಗ ಆರಾಮ ಐತಿಲ್ಲೋ?" ಎಂದು ಒಂದು ಮಾತು ಕೇಳಿರಿ. ಶೌಚಾಲಯದಲ್ಲಿ ಒಟ್ಟಿದ ಕಟ್ಟಿಗೆಯನ್ನು ತೆಗೆದು ಒಂದು ಬಲ್ಬು, ಒಂದು ಬಕೆಟ್ಟು ಇಡಿರಿ. ಅದೂ ದಾಸೋಹವೇ.

ಆ ಹಳ್ಳಿಗೆ ಈಗ ಪ್ರತಿ ಶ್ರಾವಣದಲ್ಲಿಯೂ ಹೋಗುತ್ತೇನೆ, ಅದೇ ಮನೆಯಲ್ಲಿ ವಸ್ತಿ. ಬಾಗಿಲ ಬದಿಯಲ್ಲಿ ಅದೇ ಕೌದಿ ಹಾಸಿರುತ್ತದೆ. ಊಟಕ್ಕೆ ಕುಳಿತಾಗ ಸೊಸೆ ಎಲ್ಲರ ತಟ್ಟೆಗೂ ಹಕ್ಕರಿಕೆ ಮೂಲಂಗಿ ಬಡಿಸುತ್ತ ಬರುತ್ತಾಳೆ. ನನ್ನ ಮುಂದೆ ಬಂದಾಗ ಹಿರಿಯಮ್ಮ ಒಳಗಿನಿಂದಲೇ ಕೂಗುತ್ತಾರೆ: "ಅವಗ ಅದು ಬ್ಯಾಡ. ಇನ್ನೊಂದು ರೊಟ್ಟಿ ಹಾಕು."